ಗಂಗಾ ಹೊಲಿದ ಕೈಗವಸು

೭ ಜೂನ್ ೧೯೬೫, ಕುಮಟಾ
ಮಳೆ ಶುರು. ಹೊಲಿಯಬೇಕಾದ ಶಾಲೆಯ ಚಡ್ಡಿಗಳ ರಾಶಿ ಬಿದ್ದಿದೆ. ಹುಬ್ಬಳ್ಳಿ ಬಸ್ಸಿನಲ್ಲಿ ಪೇಪರ್ ತಡವಾಗಿ ಬಂತು. ಅಮೆರಿಕದವನೊಬ್ಬ ಗಗನನೌಕೆಯಿಂದ ಹೊರಗೆ ಬಂದು ತೇಲಿದ ಸುದ್ದಿ. ಮಾರ್ಚಿನಲ್ಲಿ ರಷ್ಯದವನು. ಅಲ್ಲಿ ಗಾಳಿಯಿಲ್ಲ, ಉಡುಪಿನೊಳಗೇ ತುಂಬಿಕೊಳ್ಳಬೇಕು. ತುಂಬಿದರೆ ಕೈಗವಸು ಬಿರುಸಾಗಿ ಬೆರಳು ಮಡಚುವುದೇ ಕಷ್ಟವಂತೆ. ಮಗಳು ಗಂಗಾ ಎರಡು ಸಲ ಓದಿದಳು.
"ಅಪ್ಪಾ, ಶಾಲೆ ವಿಜ್ಞಾನ ಪ್ರದರ್ಶನಕ್ಕೆ ಇದ್ನೇ ಮಾಡ್ತೆ."

೧೨ ಜುಲೈ
ಗಾಳಿ ತುಂಬಿದ ಕೈಗವಸು ತೊಟ್ಟು ಬೋಲ್ಟಿಗೆ ನಟ್ ಹಾಕಿ ತೋರಿಸುತ್ತಾಳಂತೆ. ಮಾಸ್ತರರು ಒಪ್ಪಿದ್ದಾರೆ. ಒಂದೇ ಷರತ್ತು — ಟೈಲರ್ ಅಪ್ಪ ಕೈ ಹಾಕಿದರೆ ಮಾದರಿ ಹೊರಗೆ.
"ನೀನು ಮಿಶಿನ್ ಹತ್ರ ಬರೂದೇ ಬೇಡ."
ಆತು ಎಂದೆ. ನನ್ನದೇ ಮಿಶಿನ್…

೩ ಆಗಸ್ಟ್
ಒಳಗೆ ಕಂಪೌಂಡರ್ ಕೊಟ್ಟ ರಬ್ಬರ್ ಕೈಗವಸು, ಹೊರಗೆ ಖಾಕಿ. ಸೈಕಲ್ ಅಂಗಡಿ ದೇವು ವಾಲ್ವ್ ಕೊಟ್ಟ, ಕೂರಿಸಿದ್ದು ಅವಳೇ. ಮಣಿಕಟ್ಟಿಗೆ ಟ್ಯೂಬಿನ ಪಟ್ಟಿ ಬಿಗಿದು ಪಂಪ್ ಹೊಡೆದಳು. ಐದು ಬೆರಳೂ ಸೌತೆಕಾಯಿಯಂತೆ ಸೆಟೆದು ನಿಂತವು. ನಟ್ ಹಿಡಿಯಲಾಗಲಿಲ್ಲ. ಬೆರಳಿನ ಗಂಟಿನ ಜಾಗದಲ್ಲಿ ಬೇರೆ ಬಟ್ಟೆಯ ಪಟ್ಟಿ ಕೂಡಿಸಿದರೆ ಆದೀತು ಎಂದು ಬಾಯಿಗೆ ಬಂತು. ಕತ್ತರಿ ಇಟ್ಟು ಚಾ ಕುಡಿಯಲು ಹೋದೆ.

೨೯ ಆಗಸ್ಟ್
ಸೊಪ್ಪು ಮಾರುವ ಸುಬ್ಬಿ ಎಂದಿನಂತೆ ನಮ್ಮ ಅಂಗಡಿಯ ಮೆಟ್ಟಿಲಲ್ಲಿ. ಅವಳ ಕೇರಿಯ ಹೆಂಗಸರೆಲ್ಲರ ಹಾಗೆ ಗದ್ದದಿಂದ ಎದೆಯ ತನಕ ಮಣಿಸರ. ಯಾರೋ ಕೂಗಿದರು, ಅಷ್ಟು ಸರವಿದ್ದರೂ ಕುತ್ತಿಗೆ ಸರಾಗ ತಿರುಗಿಸಿದಳು. ಗಂಗಾ ನೋಡುತ್ತಲೇ ನಿಂತಳು.
"ಎಂತ ನೋಡ್ತೆ ಮಗಾ? ಸರ ಬೇಕಾರೆ ನಮ್ಮ ಕೇರಿ ಹುಡುಗ್ನ ಮದಿ ಆಗು."
ಸಂಜೆಯೊಳಗೆ ಖಾಕಿ ಬೆರಳುಗಳನ್ನೆಲ್ಲ ಬಿಚ್ಚಿದಳು. ಬಟ್ಟೆಗೆ ನಿರಿಗೆ ಹಿಡಿದು, ಸುತ್ತ ಒಂದರ ಕೆಳಗೊಂದು ದಾರದ ಬಳೆ, ಸುಬ್ಬಿಯ ಸರಗಳ ಹಾಗೆ ಬಿಡಿ ಬಿಡಿ. ನನಗೆ ಹೊಳೆದಿದ್ದ ಪಟ್ಟಿಗಿಂತ ಇದೇ ಸರಿ.

೨೦ ನವೆಂಬರ್
ಪ್ರದರ್ಶನ. ಹೊನ್ನಾವರದಿಂದ ಪರೀಕ್ಷಕರು. ಹಿಂದಿನ ಬೆಂಚಿನಲ್ಲಿ ಕೂತೆ. ಕೈಗವಸು ಉಬ್ಬಿತು. ಬೆರಳು ಮಡಚಿದವು. ನಟ್ ಜಾರಿ ಬಿತ್ತು. ಅದೇ ಕೈಯಲ್ಲಿ ಹೆಕ್ಕಿದಳು, ತಿರುಗಿಸಿ ಕೂರಿಸಿದಳು.
"ತಂದೆ ಟೈಲರ್ ಅಂತೆ. ಹೊಲ್ದದ್ದು ಯಾರು?" — ಪರೀಕ್ಷಕರು.
ಮಾಸ್ತರರೇ ಅಂದರು: "ಸರ್, ನನ್ನ ಈ ಅಂಗಿ ಇವಳ ಅಪ್ಪ ಲಿಂಗಪ್ಪನವರ ಹೊಲಿಗೆ. ಇಷ್ಟು ಸೊಟ್ಟ ಹೊಲಿಯೂಕೆ ಅವ್ರಿಗೆ ಬರೂದಿಲ್ಲ."
ಎಲ್ಲರೂ ನಕ್ಕರು. ಗಂಗಾ ನಗಲಿಲ್ಲ. ಕಾರವಾರದ ಜಿಲ್ಲಾ ಪ್ರದರ್ಶನಕ್ಕೆ ಹೋಗುವ ಮಾದರಿ ಇದೇ.
ಸೊಟ್ಟ ಹೊಲಿಗೆ ನೋಡಿ ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು.

೨೧ ನವೆಂಬರ್, ಬೆಳಿಗ್ಗೆ
ಹೆಬ್ಬೆರಳ ಬುಡದಲ್ಲಿ ಹೊಲಿಗೆ ಬಿಟ್ಟಿದೆ. ಸೂಜಿಗೆ ದಾರ ಪೋಣಿಸಿದೆ. ಕೈಗವಸು ಎತ್ತಿಕೊಂಡೆ… ಇಲ್ಲ. ಎರಡನ್ನೂ ಮಿಶಿನ್ ಮೇಲಿಟ್ಟು ಅವಳನ್ನು ಕೂಗಿದೆ. ಬರುತ್ತಿದ್ದಾಳೆ —