ಹತ್ತಿಗೆ ನೀರು ಚಿಮುಕಿಸಿದ ಹುಡುಗಿ

ಆಳಂದ
೧೮-೭-೨೦೨೪, ಗುರುವಾರ

ಪ್ರೀತಿಯ ಮಗಳು ವಿಜಯಶ್ರೀಗೆ, ನಿನ್ನ ಅಪ್ಪನ ತುಂಬು ಮನಸ್ಸಿನ ಆಶೀರ್ವಾದ.

ಆರೋಗ್ಯ ಹೇಗಿದೆ? ಫೋನಿನಲ್ಲಿ ಕೇಳಿದಾಗಲೆಲ್ಲ "ಆರಾಮ ಅದೀನಪ್ಪ" ಅನ್ನುತ್ತೀಯ. ಅಷ್ಟು ಬೇಗ ಬರುವ ಉತ್ತರವನ್ನು ನಾನು ನಂಬುವುದಿಲ್ಲ. ಜೇವರ್ಗಿಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸಿಗೆ ಬೆನ್ನು ನೋಯದೆ ಇರುತ್ತದೆಯೇ? ಇಲ್ಲಿ ನನ್ನ ಮೊಣಕಾಲು ಇದ್ದ ಹಾಗೇ ಇದೆ. ಫೋನ್ ಬಿಟ್ಟು ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿನ್ನ ಮಗಳು ಗುರುಬಾಯಿಯ ಕಿವಿ ಸದಾ ನನ್ನ ಫೋನಿನ ಮೇಲೇ ಇರುತ್ತದೆ. ಪಕ್ಕದ ಮನೆಯ ಕಾಶಿಬಾಯಿ ನಾಳೆ ನಿಮ್ಮೂರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಲಕೋಟೆಗೆ ಎರಡು ಕಡೆ ಗೋಂದು ಹಚ್ಚುತ್ತೇನೆ. ಯಾರಾದರೂ ಬಿಚ್ಚಿದ್ದಾರೇನೋ ನೋಡಿಕೋ.

ನಮ್ಮಿಬ್ಬರ ಕರಾರು ನೆನಪಿದೆ ತಾನೆ? ಗುರುಬಾಯಿ ನನ್ನ ಹತ್ತಿರ ನಗುನಗುತ್ತಾ ಇದ್ದರೆ ಈ ವರ್ಷ ಇಲ್ಲೇ ಓದಲಿ, ನಿನ್ನ ನೆನೆದು ಅತ್ತರೆ ಜೇವರ್ಗಿಗೆ ಕರೆದೊಯ್ಯುತ್ತೇನೆ ಅಂದವಳು ನೀನೇ. ಆಮೇಲೆ ಪ್ರತಿ ಸಲವೂ "ಅತ್ತಾಳೇನಪ್ಪ?" ಅಂತ ಕೇಳುವುದು. ಅದರ ಹಿಂದಿನ ಸಂಚು ನನಗೆ ತಿಳಿಯದೇ? ಆದರೆ ಅವಳು ಅಳುವುದೇ ಇಲ್ಲ. ಏಳುವಾಗ ನಗು, ರೊಟ್ಟಿ ತಿನ್ನುವಾಗ ನಗು. ನಿನ್ನವ್ವನ ಹೆಸರು ಇಟ್ಟಿದ್ದಕ್ಕೆ ಅವಳ ಗಟ್ಟಿತನವೂ ಬಂದಿದೆ ಅಂತ ಬೀಗುತ್ತಿದ್ದೆ.

ಮೊನ್ನೆ ಸೋಮವಾರ ನಮ್ಮ ಹತ್ತಿ ಖರೀದಿ ಅಂಗಡಿಯಲ್ಲಿ ಮಾದರಿಗೆ ಇಟ್ಟಿದ್ದ ಹತ್ತಿಯ ಪೊಟ್ಟಣ ಹಗುರಾಗಿತ್ತು. ಮೊದಲು ಹಮಾಲರ ಮೇಲೆ ಅನುಮಾನ ಬಂತು, ಆಮೇಲೆ ಇಲಿಗಳ ಮೇಲೆ. ಮನೆಗೆ ಬಂದರೆ ಬಚ್ಚಲ ಹತ್ತಿರ ನಿನ್ನ ಮಗಳು ಕೂತು, ನನ್ನ ಹತ್ತಿಗೆ ಬೆರಳಿನಿಂದ ನೀರು ಚಿಮುಕಿಸುತ್ತಿದ್ದಾಳೆ! "ಏನ್ ಮಾಡಾಕತ್ತಿ ಬೇ?" ಅಂದೆ. "ನೀರ್ ಹೊಡದ್ರ ಹತ್ತಿ ಭಾರ ಆಗ್ತದ ಅಜ್ಜಾ, ಟೀಚರ್ ಹೇಳ್ಯಾರ" ಅಂದಳು. ಚೀಲದ ನಡುವೆ ನೀರು ಹೊಡೆದು ತೂಕ ಏರಿಸುವವರನ್ನು ಹಿಡಿಯುವುದರಲ್ಲೇ ನನ್ನ ಆಯುಷ್ಯ ಕಳೆದಿದೆ. ಆ ವಿದ್ಯೆಯನ್ನು ಐದು ವರ್ಷದ ಕೂಸಿಗೆ ಶಾಲೆಯಲ್ಲೇ ಕಲಿಸುವುದೇ? ಆ ಟೀಚರ್ ವಂದನಾಬಾಯಿ ಅಫಜಲಪುರದ ಕಡೆಯವಳು. ಅಲ್ಲಿ ಹತ್ತಿ ದಲಾಲಿ ಮಾಡುವ ನೆಂಟರು ಇದ್ದೇ ಇರಬೇಕು ಅಂದುಕೊಂಡೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮರುದಿನ ಹೇಳದೆ ಕೇಳದೆ ಶಾಲೆಗೆ ಹೋದೆ. ಬಾಗಿಲಲ್ಲಿ ನಿಂತು ನೋಡಿದರೆ, ಮಕ್ಕಳೆಲ್ಲ ನೀಲಿ ಕಾಗದಕ್ಕೆ ಹತ್ತಿ ಅಂಟಿಸಿ ಎತ್ತಿ ಹಿಡಿದಿದ್ದಾರೆ. ಟೀಚರ್ ಹನಿಹನಿಯಾಗಿ ನೀರು ಬಿಡುತ್ತಿದ್ದಾಳೆ. "ಮೋಡ ನೀರು ಕುಡೀತದ, ಕುಡೀತದ, ಭಾರ ಆಗಿ ತಡಕೊಳ್ಳಾಕ ಆಗದಾಗ ಸುರಿಸ್ತದ" ಅಂದಳು. ಹನಿ ಬಿದ್ದ ಕೂಡಲೇ ಮಕ್ಕಳು ಚಪ್ಪಾಳೆ ಹೊಡೆದರು. ತೂಕದ ಮೋಸವಲ್ಲ, ಮಳೆಯ ಪಾಠ! ನಾಚಿಕೆಯಾಗಿ ತಿರುಗಬೇಕು ಅನ್ನುವಷ್ಟರಲ್ಲಿ ಗುರುಬಾಯಿ ಕಂಡಳು. ಮೂಲೆಯಲ್ಲಿ ಕಾಗದದ ಮೇಲೆ ತಲೆ ಬಾಗಿಸಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮಕ್ಕಳು ಯಾರೂ ತಿರುಗಿ ನೋಡಲಿಲ್ಲ, ದಿನವೂ ಕಂಡದ್ದು ಅನ್ನುವ ಹಾಗೆ. ಟೀಚರ್ ಸೆರಗಿನಿಂದ ಅವಳ ಮೂಗು ಒರೆಸಿದಳು. ಅಷ್ಟರಲ್ಲಿ ನನ್ನನ್ನು ನೋಡಿದ ನಿನ್ನ ಮಗಳು ಕಣ್ಣು ಒರೆಸಿಕೊಂಡು ನಕ್ಕಳು. ಮನೆಯಲ್ಲಿ ನಾನು ದಿನವೂ ನೋಡುವ ಅದೇ ನಗು ವಿಜಯಾ.

ಟೀಚರ್ ಹೊರಗೆ ಬಂದು ಮೆಲ್ಲಗೆ ಹೇಳಿದಳು: "ಅವ್ವ ಬೇಕಂತ ದಿನಾ ಅಳ್ತಾಳ್ರಿ. ಮನ್ಯಾಗ ಅತ್ರ ಅವ್ವ ಬಂದು ಕರ್ಕೊಂಡು ಹೋಗ್ತಾಳ, ಅಜ್ಜ ಒಬ್ಬನ ಆಗ್ತಾನ, ಹೇಳಬ್ಯಾಡ್ರಿ ಅಂತಾಳ್ರಿ." ನಮ್ಮ ಕರಾರನ್ನು ಅವಳು ಯಾವಾಗ ಕೇಳಿಸಿಕೊಂಡಳೋ. ಊರನ್ನೆಲ್ಲ ಅನುಮಾನಿಸಿದೆ, ಆ ನಗುವನ್ನು ಒಮ್ಮೆಯೂ ಅನುಮಾನಿಸಲಿಲ್ಲ. ಈಗಲೂ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ: ನೀನೂ ಆ ಟೀಚರೂ ಸೇರಿ ಹೂಡಿದ ಆಟ ಅಲ್ಲ ತಾನೆ ಇದು? ಬಸವಣ್ಣನ ಆಣೆ ಮಾಡಿ ಹೇಳು.

ಅಳಿಯಂದಿರು ಅನೀಲಕುಮಾರರಿಗೆ ನನ್ನ ಶರಣು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ದೌಲತರಾಯ

ತಾ.ಕ.: ಲಕೋಟೆ ಅಂಟಿಸುವ ಮೊದಲು ಪರೀಕ್ಷೆಗೆಂದು, "ಅವ್ವನ ಕಡೆ ಹೋಗ್ತಿಯೇನು?" ಅಂತ ಅವಳನ್ನೇ ಕೇಳಿದೆ. ನನ್ನ ಮುಖ ನೋಡಿ, "ನೀ ಅಳಂಗಿಲ್ಲಂದ್ರ ಹೋಗ್ತೇನಿ ಅಜ್ಜಾ" ಅಂದಳು. ಅಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಈ ಭಾನುವಾರವೇ ಬಂದು ಕರೆದುಕೊಂಡು ಹೋಗು. ಅವಳಿಗೂ ನನ್ನದೇ ಅನುಮಾನದ ಬುದ್ಧಿ. ತಡ ಮಾಡಿದರೆ ನನ್ನ ಸುಳ್ಳನ್ನು ಹಿಡಿದುಬಿಡುತ್ತಾಳೆ.