ಕಾಗದದಲ್ಲಿ ಮಂಗಳವಾರ

ದಾವಣಗೆರೆ
24 ಏಪ್ರಿಲ್ 2025, ಗುರುವಾರ

ದುರ್ಗಾಳಿಗೆ, ಬಸವಪ್ರಭು ಬರೆಯುವುದು.

ಫೋನ್ ಮಾಡಬಹುದಿತ್ತು. ನೀನು ಎತ್ತುವುದಿಲ್ಲ, ಎತ್ತಿದರೂ ಈ ಮಾತನ್ನು ನನ್ನ ಫೋನಿನಿಂದ ಆಡುವುದು ಇಬ್ಬರಿಗೂ ಒಳ್ಳೆಯದಲ್ಲ. ಠಾಣೆಯ ಎದುರಿನ ಹೋಟೆಲಿನ ಕಾಟಪ್ಪ ನಾಳೆ ಹರಿಹರದ ಮಗಳ ಮನೆಗೆ ಹೋಗುತ್ತಾನಂತೆ. ಅವನ ಕೈಯಲ್ಲಿ ಕಳಿಸುತ್ತೇನೆ. ಶನಿವಾರ ನಿನ್ನ ಹೇಳಿಕೆ ಪಡೆಯಲು ವಿಚಾರಣೆಯ ಅಧಿಕಾರಿ ಆಸ್ಪತ್ರೆಗೆ ಬರುತ್ತಾರೆ. ಅದಕ್ಕೆ ಮುಂಚೆ ಇದು ನಿನ್ನನ್ನು ಮುಟ್ಟಬೇಕು.

ನಿನ್ನ ಅಕ್ಷರ ನೋಡಿದೆ. ನಿಮ್ಮ ಆಸ್ಪತ್ರೆಯಿಂದ ಬಂದ ದಾಖಲೆಗಳನ್ನು ಹೋದ ವಾರ ಫೈಲಿಗೆ ಸೇರಿಸುತ್ತಿದ್ದೆ. ಮೂರನೆಯ ಹಾಳೆಯಲ್ಲಿ ಏಳರ ಅಂಕಿಗೆ ಯಾರೋ ಅಡ್ಡಗೆರೆ ಎಳೆದಿದ್ದರು. ಹೆಸರು ನೋಡುವ ಮೊದಲೇ ಗೊತ್ತಾಯಿತು. ಹದಿನಾಲ್ಕು ಕಿಲೋಮೀಟರ್ ದೂರದಲ್ಲಿದ್ದೂ ಹನ್ನೊಂದು ವರ್ಷದಲ್ಲಿ ನಿನ್ನ ಕೈಯಿಂದ ಬಂದ ಒಂದು ಅಂಕಿಯನ್ನೂ ನೋಡಿರಲಿಲ್ಲ. ನೀನು ಬರೆದಿದ್ದು ಇಷ್ಟು: ಏಳನೇ ತಾರೀಕು ಬೆಳಿಗ್ಗೆಯಿಂದ ಇನ್ಸುಲಿನ್ ಇಲ್ಲ, ಅಂದಿನಿಂದ ಪೊಲೀಸರ ವಶದಲ್ಲಿ, ಹೇಳಿದವರು ಜೊತೆಗೆ ಬಂದ ಕಾನ್‌ಸ್ಟೇಬಲ್.

ನಿನಗೆ ಮುಟ್ಟಿಸಲೆಂದು ನನಗೆ ಹೊರಿಸಿದ ಮಾತನ್ನು ಮೊದಲು ಹೇಳಿ ಮುಗಿಸುತ್ತೇನೆ. ಸಬ್ ಇನ್ಸ್‌ಪೆಕ್ಟರ್ ಅಶ್ವಥ್ ಸಾಹೇಬರು ಮೊನ್ನೆ ಕರೆದು ಕೂರಿಸಿದರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ನನ್ನನ್ನು ಕೂರಿಸಿದರೆಂದರೆ ಏನೋ ಇದೆ ಎಂದೇ ಅರ್ಥ. ಏನ್ರೀ ರೈಟ್ರೇ, ಆ ಸಿಸ್ಟರ್ ನಿಮ್ಮ ಮನೆಯವ್ರಂತೆ, ಹೇಳೇ ಇಲ್ಲಲ್ರೀ ಅಂದರು. ಈಗ ಅಲ್ಲ ಸರ್ ಅಂದೆ. ಅಲ್ಲ ಅಂದ್ರೆ ಹೆಂಗ್ರಿ, ಕೋರ್ಟಿಗೆ ಹೋಗಿ ಬಿಡಿಸ್ಕೊಂಡಿಲ್ಲಲ್ಲ, ಕಾಗದದಾಗೆ ಇನ್ನೂ ಹೌದಲ್ಲ ಅಂದರು. ಆಮೇಲೆ ವಿಷಯಕ್ಕೆ ಬಂದರು. ನೀನು ಏಳನ್ನು ಎಂಟು ಮಾಡಬೇಕು, ಬೆಳಿಗ್ಗೆಯನ್ನು ಸಂಜೆ ಮಾಡಬೇಕು. ಅಷ್ಟೇ. ರಶ್ಶಿನಾಗೆ ಬರ್ದಿದ್ದು, ತಪ್ಪಾಯ್ತು ಅಂತ ಹೇಳಿದ್ರೆ ಯಾರೂ ಏನೂ ಅನ್ನಲ್ಲ ಅಂದರು. ಕೇಳಿ ನೋಡ್ರಿ ಎಂದರು, ಕೇಳಿದ್ದೇನೆ. ಆ ಕೆಲಸ ಇಲ್ಲಿಗೆ ಮುಗಿಯಿತು.

ಇನ್ನು ನಡೆದದ್ದು. ನೀನು ನೋಡಿದ್ದು ಅದರ ಕೊನೆಯನ್ನು ಮಾತ್ರ.

ಹುಸೇನ್ ಸಾಬರು ಭಾನುವಳ್ಳಿಯವರು, ಐವತ್ತೇಳು ವರ್ಷ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಗುಜರಿ ಅಂಗಡಿ ಇಟ್ಟಿದ್ದಾರೆ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಮೋಟಾರಿನ ತಾಮ್ರದ ತಂತಿ ಕಳುವಾಗಿತ್ತು. ಸಿಕ್ಕಿಬಿದ್ದವನು ಇವರಿಗೆ ಮಾರಿದೆ ಎಂದ. ಮಾರಿದ್ದನೋ ಇಲ್ಲವೋ ನನಗೆ ಈಗಲೂ ತಿಳಿಯದು. ಏಳನೇ ತಾರೀಕು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಂಗಡಿಯಿಂದಲೇ ಕರೆತಂದರು. ಊಟದ ಚೀಲ ಕೈಯಲ್ಲೇ ಇತ್ತು.

ಬಂದವರ ಬಳಿ ಇರುವುದನ್ನೆಲ್ಲ ಪಟ್ಟಿ ಮಾಡಿ, ಲಕೋಟೆಗೆ ಹಾಕಿ, ಸಾಕ್ಷಿಗೆ ಪಂಚರ ಸಹಿ ತೆಗೆದುಕೊಂಡು ಅರಗಿನ ಮುದ್ರೆ ಒತ್ತುವುದು ನನ್ನ ಕೆಲಸ. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಪಟ್ಟಿಯಿಂದ ಒಂದು ಅಂಗಿ ಗುಂಡಿ ತಪ್ಪಿಲ್ಲ. ಅಂದು ಬರೆದೆ: ಮೊಬೈಲು ಒಂದು, ಪರ್ಸು ಒಂದು, ಬೆಳ್ಳಿ ಉಂಗುರ ಒಂದು, ಇನ್ಸುಲಿನ್ ಸೀಸೆ ಒಂದು, ಸಿರಿಂಜು ಮೂರು, ಸೀಸೆಗೆ ಸುತ್ತಿದ್ದ ಬಟ್ಟೆ ತುಂಡು ಒಂದು. ಬಟ್ಟೆ ಒದ್ದೆಯಿತ್ತು. ಬಿಸಿಲಲ್ಲಿ ಮದ್ದು ಕೆಡದಿರಲೆಂದು ಸುತ್ತಿಕೊಂಡಿದ್ದರು. ಲಕೋಟೆ ನೆನೆಯುತ್ತದೆಂದು ನಾನು ಅದನ್ನು ಕಿಟಕಿಯ ಸರಳಿಗೆ ಹರವಿ, ಒಣಗಿದ ಮೇಲೆ ಮಡಿಸಿ ಒಳಗಿಟ್ಟೆ. ಪಂಚನಾಗಿ ಕಾಟಪ್ಪ ಸಹಿ ಹಾಕಿದ. ಯಾವ ಕೇಸಿಗಾದರೂ ಅವನೇ.

ಮಧ್ಯಾಹ್ನ ಕಾಟಪ್ಪನ ಹೋಟೆಲಿನಿಂದ ಅನ್ನ ಸಾರು ಬಂತು. ಹುಸೇನ್ ಸಾಬರು ತಟ್ಟೆ ಮುಟ್ಟದೆ ನನ್ನನ್ನು ಕರೆದರು. ಸಾಹೇಬ್ರೆ, ತಾಮ್ರದ ವಿಚಾರ ಆಮೇಲೆ ಕೇಳ್ರಿ, ಎಲ್ಲಿಗೂ ಓಡಿಹೋಗಲ್ಲ, ಮೊದ್ಲು ನನ್ನ ಸೀಸೆ ಕೊಡ್ರಿ, ಉಣ್ಣೋಕೆ ಮುಂಚೆ ಹಾಕ್ಕೋಬೇಕು ಅಂದರು. ನಾನು ಅರಗಿನ ವಿಷಯ ಹೇಳಿದೆ. ಒಮ್ಮೆ ಮುದ್ರೆ ಬಿದ್ದ ಮೇಲೆ ಪಂಚರಿಲ್ಲದೆ ಒಡೆಯುವಂತಿಲ್ಲ; ಅದರಲ್ಲೂ ಸೂಜಿಯನ್ನು ಒಳಗೆ ಕೊಡುವಂತಿಲ್ಲ, ಚುಚ್ಚಿಕೊಂಡರೆ ಯಾರು ಜವಾಬ್ದಾರಿ. ಅವರು ನಕ್ಕರು. ಚುಚ್ಕೊಳ್ಳೋಕೇ ರೀ ಅದು ಇರೋದು ಅಂದರು. ತಟ್ಟೆ ಎತ್ತಲು ಬಂದಿದ್ದ ಕಾಟಪ್ಪ, ಒಡೀರಿ ರೈಟ್ರೇ, ನಾನು ಇನ್ನೊಂದು ಸೈನ್ ಹಾಕ್ತೀನಿ, ನನ್ನ ಸೈನಿಗೆ ಏನು ಬರ ಬಂದೈತೆ ಅಂದ. ನಾನು ಒಡೆಯಲಿಲ್ಲ.

ಅರಗು ನೆಪ. ನಿನಗೆ ಅದನ್ನು ಹೇಳಿ ಪ್ರಯೋಜನವಿಲ್ಲ. ನೀನು ನನ್ನ ಜೊತೆ ಹದಿನೆಂಟು ವರ್ಷ ಬದುಕಿದ್ದೀಯ. ಲಕೋಟೆ ಒಡೆದರೆ ಹೊಸ ಪಟ್ಟಿ ಬರೆಯಬೇಕು. ಹೊಸ ಪಟ್ಟಿಗೆ ದಿನ, ಹೊತ್ತು ಹಾಕಬೇಕು. ಯಾವ ದಿನ ಹಾಕಲಿ? ಹಳೆಯ ಪಟ್ಟಿಗೇ ದಿನಾಂಕ ಹಾಕಿರಲಿಲ್ಲ, ಖಾಲಿ ಬಿಟ್ಟಿರ್ರಿ ಎಂದು ಸಾಹೇಬರು ಹೇಳಿದ್ದರು. ಬಂಧಿಸಿದೆವೆಂದು ಬರೆದ ಮೇಲೆ ಇಪ್ಪತ್ನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಮಾಲಿನ ಸುಳಿವು ಸಿಗುವ ತನಕ ಯಾರೂ ಬರೆಯುವುದಿಲ್ಲ. ಹುಸೇನ್ ಸಾಬರು ಕಾಗದದಲ್ಲಿ ಠಾಣೆಗೆ ಬಂದದ್ದು ಎಂಟನೇ ತಾರೀಕು ಮಂಗಳವಾರ ಸಂಜೆ ಐದು ಗಂಟೆಗೆ. ಸೋಮವಾರ ಮಧ್ಯಾಹ್ನ ಅವರು ಇನ್ನೂ ಬಂದೇ ಇರಲಿಲ್ಲ. ಬಾರದ ಮನುಷ್ಯನಿಗೆ ಮದ್ದು ಕೊಟ್ಟೆನೆಂದು ಯಾವ ಪುಸ್ತಕದಲ್ಲಿ ಬರೆಯಲಿ ಎಂಬುದೇ ನನ್ನ ಯೋಚನೆಯಾಗಿತ್ತು. ಬರೆಯದೆ ಕೊಡಬಹುದು ಎಂಬುದು ಹೊಳೆಯಲೇ ಇಲ್ಲ. ನಂಬುವುದಾದರೆ ನಂಬು, ನಿಜವಾಗಿಯೂ ಹೊಳೆಯಲಿಲ್ಲ.

ಅವರನ್ನು ಕೂರಿಸಿದ್ದು ಹಿಂದಿನ ಕೋಣೆಯಲ್ಲಿ, ಹಳೆಯ ಫೈಲುಗಳ ನಡುವೆ. ಕ್ಯಾಮೆರಾ ಇರುವುದು ಮುಂದುಗಡೆ.

ಅದೇ ಸೋಮವಾರ ನಾಲ್ಕು ಗಂಟೆಗೆ ಅವರ ಹೆಂಡತಿ ಸಿದ್ದೀಕಾ ಭಾನುವಳ್ಳಿಯಿಂದ ಬಸ್ಸು ಬದಲಿಸಿ ಬಂದಿದ್ದರು. ಸ್ಟೀಲ್ ಡಬ್ಬಿಯಲ್ಲಿ ಐಸು, ಐಸಿನಲ್ಲಿ ಇನ್ನೊಂದು ಸೀಸೆ, ಡಾಕ್ಟರ ಚೀಟಿ. ಬಾಗಿಲಲ್ಲಿ ಸೆಂಟ್ರಿಯಾಗಿದ್ದವನು ಕರಿಬಸವರಾಜ, ನಿನ್ನ ಆಸ್ಪತ್ರೆಗೆ ಬಂದಿದ್ದನಲ್ಲ, ಅದೇ ಹುಡುಗ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಅವನು ಹೇಳಿ ಕಳಿಸಿದ. ಅಂಗಡಿಯವ್ರು ನೋಡ್ಯಾರೆ, ಜೀಪಿನಾಗೆ ಕೂಡ್ಸಿಕೊಂಡು ಬಂದೀರಿ ಅಂತ ಆಕೆ ಮತ್ತೆ ಮತ್ತೆ ಹೇಳಿದರು. ಆರು ಗಂಟೆಯ ತನಕ ಕಾಟಪ್ಪನ ಹೋಟೆಲಿನ ಕಟ್ಟೆಯ ಮೇಲೆ ಕೂತಿದ್ದರು. ಐಸು ಕರಗಿದ ಮೇಲೆ ಎದ್ದು ಹೋದರು.

ಮಂಗಳವಾರ ಹುಸೇನ್ ಸಾಬರು ನೀರು ಕೇಳತೊಡಗಿದರು. ಒಂದು ತಂಬಿಗೆ, ಇನ್ನೊಂದು ತಂಬಿಗೆ. ಹತ್ತು ನಿಮಿಷಕ್ಕೊಮ್ಮೆ ಬಾತ್‌ರೂಮು. ಕರೆದುಕೊಂಡು ಹೋಗಿ ಬಂದು ಬೇಸತ್ತ ಕರಿಬಸವರಾಜ, ಏನ್ ಸಾಬ್ರೇ, ಭದ್ರಾ ಕಾಲುವೆ ಬಿಟ್ಟಂಗಾತು ಅಂದ. ಅವರು ಆಗಲೂ ನಗಲು ನೋಡಿದರು. ಸಂಜೆ ಬಂಧನದ ಕಾಗದ ತಯಾರಾಯಿತು. ಅದರಲ್ಲಿ ಆರೋಪಿಯ ಆರೋಗ್ಯ ಎಂಬ ಒಂದು ಸಾಲು ಇರುತ್ತದೆ. ದಿನಾ ಬೆಳಿಗ್ಗೆ ನಾಲ್ಕೈದು ಫಾರಂಗಳಲ್ಲಿ ಆ ಸಾಲನ್ನು ಮೊದಲೇ ತುಂಬಿಟ್ಟುಕೊಳ್ಳುವುದು ನನ್ನ ರೂಢಿ, ಕೆಲಸ ಹಗುರಾಗುತ್ತದೆ: ಯಾವುದೇ ಕಾಯಿಲೆ ಇರುವುದಿಲ್ಲ. ಹಾಗೆ ತುಂಬಿದ ಒಂದು ಫಾರಂ ತೆಗೆದು ಹೆಸರು ಬರೆದೆ. ಡಾಕ್ಟರ ತಪಾಸಣೆ ಬೆಳಿಗ್ಗೆಗೆ ಉಳಿಯಿತು. ಇನ್ಸುಲಿನ್ ಸೀಸೆ ಒಂದು, ಸಿರಿಂಜು ಮೂರು ಎಂಬ ಪಟ್ಟಿ ಅದೇ ಫೈಲಿನ ಹಿಂದಿನ ಹಾಳೆಯಲ್ಲಿದೆ. ಎರಡೂ ನನ್ನ ಅಕ್ಷರ.

ಗೊತ್ತಿರಲಿಲ್ಲ ಎನ್ನುವ ದಾರಿ ಬೇರೆಯವರಿಗಿದೆ, ನನಗಿಲ್ಲ. ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ, ಹೆಪ್ಪಿನ ಬಟ್ಟಲಿನ ಪಕ್ಕ, ಆರು ವರ್ಷ ಅಂಥದೇ ಸೀಸೆ ಇತ್ತು. ದಿನಾ ಎರಡು ಹೊತ್ತು ನೀನು ಅಮ್ಮನಿಗೆ ಕೊಡುತ್ತಿದ್ದೆ. ನನ್ನ ಸೊಸೆ ಸೂಜಿ ಚುಚ್ಚಿದ್ದು ಗೊತ್ತೇ ಆಗಲ್ಲ ಎಂದು ಅಮ್ಮ ಓಣಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಒಮ್ಮೆ ಹದಡಿಗೆ ಮದುವೆಗೆ ಹೋದಾಗ ಎರಡು ದಿನ ಮದ್ದು ತಪ್ಪಿ ಅಮ್ಮ ನೀರು ನೀರು ಅಂದದ್ದು, ನೀನು ನನ್ನ ಮೇಲೆ ರೇಗಿದ್ದು, ಎಲ್ಲ ನೆನಪಿದೆ. ಮಂಗಳವಾರ ಮೂರನೆಯ ತಂಬಿಗೆಗೇ ನೆನಪಾಗಿತ್ತು. ಹುಸೇನ್ ಸಾಬರ ಬಾಯಿಂದ ಹುಳಿತ ಹಣ್ಣಿನಂಥ ವಾಸನೆ ಬರತೊಡಗಿದಾಗಲೂ ನಾಳೆ ಕೋರ್ಟಿಗೆ ಹೋಗುವವರು ತಾನೇ ಅಂದುಕೊಂಡೆ. ಒಂದು ರಾತ್ರಿಯ ಮಾತು ಅಂದುಕೊಂಡೆ.

ಬುಧವಾರ ಡಾಕ್ಟರಿಗೂ ಕೋರ್ಟಿಗೂ ಮುಂಚೆ, ಮಾಲು ತೋರಿಸಲೆಂದು ಭಾನುವಳ್ಳಿಗೆ ಕರೆದೊಯ್ಯುವಾಗ ಹರಿಹರ ಮುಟ್ಟುವಷ್ಟರಲ್ಲಿ ಜೀಪಿನಲ್ಲೇ ಕುಸಿದರು. ಅಲ್ಲಿಂದ ಮುಂದಿನದು ನಿನಗೆ ಗೊತ್ತು. ಮೀಟರಿನಲ್ಲಿ ಅಂಕಿಯೇ ಬರಲಿಲ್ಲವಂತೆ, ಅಳತೆ ಮೀರಿದೆ ಎಂದು ಮಾತ್ರ ತೋರಿಸಿತಂತೆ. ಯಾವಾಗಿನಿಂದ ನಿಮ್ಮ ಹತ್ರ ಇದ್ದಾರೆ ಎಂದು ನೀನು ಕೇಳಿದೆ. ಕರಿಬಸವರಾಜ ಕೆಲಸಕ್ಕೆ ಸೇರಿ ಎರಡು ವರ್ಷ. ಸೋಮವಾರ ಹತ್ತು ಗಂಟೆಯಿಂದ ಸಿಸ್ಟರ್ ಅಂದುಬಿಟ್ಟ. ಯಾಕಲೇ ಹಂಗಂದಿ ಎಂದು ಸಾಹೇಬರು ಬೈದಾಗ, ಅವ್ರು ಕೇಳಿದ್ರು ಸರ್ ಅಂದ. ಅವನಿಗೆ ಮೆಮೊ ಕೊಟ್ಟಿದ್ದಾರೆ. ಹೆಂಡತಿಯನ್ನು ವಾಪಸು ಕಳಿಸಿದ್ದೂ ಅವನೇ, ಮದ್ದು ಸಿಗದೆ ಹೋದದ್ದು ಅವನಿಂದಲೇ ಎಂದು ಅದರಲ್ಲಿದೆ. ಅದನ್ನು ಬರೆದುಕೊಟ್ಟದ್ದೂ ನಾನೇ. ಠಾಣೆಯಲ್ಲಿ ಬರೆಯುವವನು ಇನ್ಯಾರು.

ಈಗ ಹುಸೇನ್ ಸಾಬರು ಇಲ್ಲಿನ ಆಸ್ಪತ್ರೆಯಲ್ಲಿದ್ದಾರೆ. ಎಡಗಾಲಿನ ಎರಡು ಬೆರಳು ತೆಗೆದರು. ಕಿಡ್ನಿ ಎಷ್ಟು ಉಳಿಯುತ್ತದೋ ಹೇಳಲಾಗದು ಅಂದಿದ್ದಾರೆ. ಸೋಮವಾರ ಜಾಮೀನಿನ ಅರ್ಜಿ. ಬಂಧನ ಆಗಿದ್ದು ಮಂಗಳವಾರ ಸಂಜೆ, ಕಾಯಿಲೆ ಇರುವುದನ್ನು ಮುಚ್ಚಿಟ್ಟರು, ಕೋರ್ಟು ತಪ್ಪಿಸಿಕೊಳ್ಳಲು ಮದ್ದು ತಾವೇ ಬಿಟ್ಟರು ಎಂದು ನಮ್ಮ ಕಡೆಯಿಂದ ಹೇಳಲಿದ್ದಾರೆ. ಅದನ್ನು ಒಪ್ಪಿದರೆ ವಾರ್ಡಿನಿಂದ ನೇರ ಜೈಲು. ಅಲ್ಲಿ ಹೊತ್ತಿಗೆ ಸರಿಯಾಗಿ ಸೂಜಿ, ಸೂಜಿಯ ಹಿಂದೆ ಊಟ, ಕಾಲಿನ ಗಾಯಕ್ಕೆ ದಿನಾ ಪಟ್ಟಿ. ಇದನ್ನೆಲ್ಲ ಯಾರೋ ಒಬ್ಬರು ನೆನಪಿಟ್ಟು ಮಾಡಬೇಕು. ನೆನಪಿಡುವ ಕೆಲಸದವರು ಹೇಗಿರುತ್ತಾರೆಂದು ನನಗೆ ಗೊತ್ತು. ಹುಸೇನ್ ಸಾಬರು ಬದುಕುವುದಿಲ್ಲ, ದುರ್ಗಾ.

ಸೀಸೆ ಇಲ್ಲದ ಹೊಸ ಪಟ್ಟಿ ಬರೆಯಲು ಸಾಹೇಬರು ಹೇಳಿದ್ದಾರೆ. ಕಾಟಪ್ಪ ಸಹಿಗೆ ಸಿದ್ಧ. ಹಾಳೆ ಮೂರು ದಿನದಿಂದ ಮೇಜಿನ ಮೇಲಿದೆ. ಮೊಬೈಲು, ಪರ್ಸು, ಉಂಗುರ ಬರೆದು ನಿಲ್ಲಿಸಿದ್ದೇನೆ. ಧೈರ್ಯ ಎಂದುಕೊಳ್ಳಬೇಡ, ಸುಸ್ತು ಇರಬಹುದು. ಎರಡಕ್ಕೂ ಇರುವ ವ್ಯತ್ಯಾಸ ಈ ವಯಸ್ಸಿನಲ್ಲಿ ನನಗೆ ಸ್ಪಷ್ಟವಾಗುವುದಿಲ್ಲ. ನಿಮ್ ಜೊತೆ ಮಾತಾಡಿದ್ರೆ ಕೆಳಗೆ ಸೈನ್ ಹಾಕ್ಬೇಕೇನೋ ಅನ್ಸುತ್ತೆ ಎಂದು ನೀನು ಒಮ್ಮೆ ಅಂದಿದ್ದೆ. ಅಮ್ಮ ತೀರಿಕೊಂಡ ತಿಂಗಳಿಗೆ ನೀನು ಬಟ್ಟೆ ಜೋಡಿಸಿಕೊಂಡೆ. ಅಮ್ಮನಿಗೆ ಸೂಜಿ ಹಾಕುವುದಷ್ಟೇ ನಮ್ಮ ನಡುವೆ ಉಳಿದ ಕೆಲಸವಾಗಿತ್ತು ಎಂಬುದು ನನಗೆ ಆಗ ತಿಳಿದದ್ದು. ಯಾಕೆ ಎಂದು ನಾನು ಕೇಳಲಿಲ್ಲ. ಏನು ಉತ್ತರ ಬರುತ್ತದೋ, ಅದನ್ನು ಎಲ್ಲಿಡಲಿ ಎಂದು ಹೆದರಿದೆ.

ಶನಿವಾರ ನೀನು ಏನು ಹೇಳುತ್ತೀಯೆಂದು ನನಗೆ ಗೊತ್ತು. ಬದಲಿಸಬೇಡ ಎಂದು ಹೇಳುವ ಯೋಗ್ಯತೆ ನನಗಿಲ್ಲ, ಹೇಳುವ ಅಗತ್ಯವೂ ಇಲ್ಲ. ಸಾಹೇಬರು ಕೇಳಿಸಿದ್ದನ್ನು ಮರೆತುಬಿಡು.

ಉತ್ತರ ಬರೆಯಬೇಕೆಂದಿಲ್ಲ.

ಬಸವಪ್ರಭು
ಹೆಡ್ ಕಾನ್‌ಸ್ಟೇಬಲ್, ಠಾಣಾ ಬರಹಗಾರ

ಮತ್ತೆ, ಶುಕ್ರವಾರ ಬೆಳಿಗ್ಗೆ:

ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಸಿದ್ದೀಕಾಗೆ ಗಂಡ ಇಲ್ಲಿಲ್ಲ ಎಂದು ಹೇಳಿದ್ದು ಕರಿಬಸವರಾಜ ಅಲ್ಲ. ಅವನು ಆಕೆಯನ್ನು ನನ್ನ ಮೇಜಿನ ತನಕ ಕರೆತಂದು, ರೈಟ್ರೇ, ಸಾಬ್ರ ಮನೆಯವ್ರು, ಮದ್ದು ತಂದಾರೆ ಅಂದ. ಇಲ್ಲ ಅಂದವನು ನಾನು. ಆಗ ಹುಸೇನ್ ಸಾಬರು ಗೋಡೆಯ ಆಚೆ ಕೂತಿದ್ದರು. ಹೆಂಡತಿಯ ದನಿ ಕೇಳಿ ಸಿದ್ದೀಕಾ ಎಂದು ಒಮ್ಮೆ ಕರೆದರು. ಆಕೆಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ಮೆಮೊದಲ್ಲಿ ಬರೆದದ್ದನ್ನೇ ನಿನಗೂ ಬರೆದುಬಿಟ್ಟಿದ್ದೆ.

ಇಲ್ಲಿಂದ ಮುಂದಿನದನ್ನು ಜೆರಾಕ್ಸಿನ ಹಿಂಬದಿಗೆ ಬರೆಯುತ್ತಿದ್ದೇನೆ. ಕಾಟಪ್ಪ ನಿನಗೆ ತಂದುಕೊಡುವುದು ನಕಲು. ಮೇಲಿನ ತಪ್ಪೊಪ್ಪಿಗೆಯನ್ನೂ ಸೇರಿಸಿ, ಪ್ರತಿ ಹಾಳೆಗೆ ಸಹಿ ಹಾಕಿದ ಮೂಲ ಪತ್ರವನ್ನು ಈಗಷ್ಟೇ ವಾರ್ಡಿನ ಹೊರಗೆ ಸಿದ್ದೀಕಾಗೆ ಕೊಟ್ಟು ಬಂದೆ, ಅವರ ವಕೀಲರಿಗೆ ಮುಟ್ಟಿಸಲಿ ಎಂದು. ಆಕೆಗೆ ಕನ್ನಡ ಓದಲು ಬರುವುದಿಲ್ಲ. ಮಗಳು ಸನೋಬರ್ ಅಲ್ಲೇ ನಿಂತು ಓದಿ ಹೇಳಿದಳು. ನನ್ನ ಅಮ್ಮನ ವಿಷಯ, ನೀನು ಹೋದ ವಿಷಯ, ಯಾವುದನ್ನೂ ಬಿಡಲಿಲ್ಲ. ಮುಗಿಯುವ ತನಕ ನಾನು ಗೋಡೆಗೆ ಆತು ನಿಂತಿದ್ದೆ. ಸಿದ್ದೀಕಾ ಬೈಯಲಿಲ್ಲ. ಸೋಮವಾರ ಕೋರ್ಟಿಗೆ ಈ ಹಾಳೆ ಬಂದ್ರೆ ಸಾಕಾ, ನೀವೂ ಬರ್ತೀರಾ ಎಂದು ಕೇಳಿದರು.

ಬರುತ್ತೇನೆ ಎಂದೆ.