ಬಾಬಾ ಔಷಧಿ ತಗೊಂಡ್ರಾ?

ಸ್ಫಾಕ್ಸ್
ಬುಧವಾರ, ನವೆಂಬರ್ 12

ಪ್ರೀತಿಯ ತಮ್ಮ ರಮ್ಝಿಗೆ,

ಹೇಗಿದ್ದೀಯ? ಟ್ಯೂನಿಸ್‌ನಲ್ಲಿ ಆಗಲೇ ಚಳಿಯಂತೆ. ನಿನ್ನ ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಗಾಣದಿಂದ ಹೊಸ ಆಲಿವ್ ಎಣ್ಣೆ ಬಂದಿದೆ. ಬಾಬಾ ಇದ್ದಿದ್ದರೆ ರೊಟ್ಟಿ ಅದ್ದಿ ಮೊದಲ ತುತ್ತನ್ನು ಅಮ್ಮನ ಬಾಯಿಗಿಟ್ಟು, "ಹೇಳೇ, ಹೋದ ವರ್ಷದ್ದೇ ವಾಸೀನಾ?" ಎಂದು ಕೆಣಕುತ್ತಿದ್ದರು. ಈ ಸಲ ಡಬ್ಬದ ಮುಚ್ಚಳ ಇನ್ನೂ ಯಾರೂ ತೆಗೆದಿಲ್ಲ.

ಬಾಬಾ ಕಾಯಿಲೆಯಿಂದ ಮಲಗಿದಾಗ ನೀನು ಔಷಧಿಯ ಹೊತ್ತು ನೆನಪಿಸಲು ಅಮ್ಮನ ಫೋನಿಗೊಂದು ಆ್ಯಪ್ ಮಾಡಿಕೊಟ್ಟೆ, ನೆನಪಿದೆಯಾ? ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. "ಅಕ್ಕಾ, ಪರದೆ ಮೇಲೆ ಪ್ರಶ್ನೆ ಕೇಳೋ ಈ ಡೈಲಾಗ್ ಬಾಕ್ಸ್ ನಿನ್ನ ಮಕ್ರೂದ್ ಮಿಠಾಯಿ ಅಚ್ಚಿದ್ದಂಗೆ. ಮೇಲೊಂದು ತಲೆಬರಹ, ನಡುವೆ ಮಾತು, ಕೆಳಗೆ ಎರಡು ಬಟನ್. ಅಚ್ಚು ಒಂದೇ, ಒಳಗಿನ ಮಾತು ಮಾತ್ರ ಬೇರೆ" ಎಂದೆ. ನೀನು ಮೊದಲು ತುಂಬಿಸಿದ್ದು "ಔಷಧಿ ಸೇವಿಸಲಾಗಿದೆಯೇ?" ಅಮ್ಮ ನಕ್ಕುಬಿಟ್ಟಳು. "ಸರ್ಕಾರಿ ನೋಟಿಸಾ ಇದು? ಮನೆ ಮಾತಲ್ಲಿ ಕೇಳೋ!" ಆಮೇಲೆ ನೀನು ಬರೆದದ್ದು, "ಬಾಬಾ ಔಷಧಿ ತಗೊಂಡ್ರಾ?"

ಬಾಬಾ ಹೋದರು. ನಲವತ್ತನೆಯ ದಿನದ ಕುರಾನ್ ಓದಿಗೂ ನೀನು ಬರಲಿಲ್ಲ, ಕೆಲಸ ಎಂದೆ. ಕೂತಲ್ಲಿಂದಲೇ ಅದೇ ಆ್ಯಪನ್ನು ಅಮ್ಮನ ಬಿಪಿ ಮಾತ್ರೆಗೆ ತಿರುಗಿಸಿದೆ. "ನನ್ನ ಫೋನಿಗೆ ದಿನಾ ಹಸಿರು ಗುರುತು ಬರ್ತಿದೆ ಅಕ್ಕಾ, ಅಮ್ಮ ಆರಾಮಾಗಿದಾಳೆ" ಎಂದೆ. ಆಮೇಲೆ ಅವಳಿಗೆ ಫೋನ್ ಮಾಡುವುದನ್ನೂ ಬಿಟ್ಟೆ.

ಸೋಮವಾರ ಅಮ್ಮನ ಹಾಸಿಗೆ ಬಿಸಿಲಿಗೆ ಹಾಕುವಾಗ ಅದರಡಿ ಮಾತ್ರೆಗಳು ಸಿಕ್ಕವು. ಒಂದನ್ನೂ ನುಂಗಿಲ್ಲ. ಸಂಜೆ ಪಕ್ಕದಲ್ಲೇ ಕೂತು ನೋಡಿದೆ. ಬಾಕ್ಸ್ ಬಂತು: "ಬಾಬಾ ಔಷಧಿ ತಗೊಂಡ್ರಾ?" ಅಮ್ಮ "ತಗೊಂಡ್ರು" ಒತ್ತಿದಳು. ಇದೇನಮ್ಮಾ ಎಂದೆ. "ಇನ್ನು ಅವರಿಗೆಲ್ಲಿಯ ನೋವು ಜಲೀಲಾ? ಈ ಮನೇಲಿ ಅವರನ್ನ ವಿಚಾರಿಸೋದು ಇದೊಂದೇ. ಇಲ್ಲ ಅಂತ ಹೆಂಗೆ ಹೇಳ್ಲಿ?" ಮತ್ತೆ ನಿನ್ನ ಮಾತ್ರೆ ಎಂದರೆ, "ನನ್ನನ್ನ ಯಾರು ಕೇಳಿದ್ರು?"

ಪಕ್ಕದ ಮನೆಯ ಹಾಜರ್ ಕೂಡ ನಿನ್ನ ಹಾಗೇ ಆ್ಯಪ್ ಮಾಡುವ ಕೆಲಸದವಳು, ಅವಳಿಗೆ ತೋರಿಸಿದೆ. "ಹೆಸರಿನ ಜಾಗ ಖಾಲಿ ಬಿಟ್ಟು ಆಯಾ ಹೊತ್ತಿಗೆ ತುಂಬಿಸ್ಬೇಕಿತ್ತು. ಇವನು ಬಾಬಾ ಅಂತ ಅಚ್ಚಲ್ಲೇ ಬರೆದುಬಿಟ್ಟಿದಾನೆ. ಎರಡು ನಿಮಿಷದ ಕೆಲಸ, ಆದ್ರೆ ಅವನೇ ಮಾಡ್ಬೇಕು" ಎಂದಳು. ಎರಡು ನಿಮಿಷ, ರಮ್ಝಿ. ಈಗ ಮಾತ್ರೆ ನಾನೇ ಕೊಡುತ್ತಿದ್ದೇನೆ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ನಿನ್ನ ಮೇಲೆ ಕೋಪವಿಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ.

ನಿನ್ನ ಅಕ್ಕ,
ಜಲೀಲಾ

ತಾ. ಕ.: ಶುಕ್ರವಾರ ಬೆಳಗ್ಗೆ. ಈ ಪತ್ರವನ್ನು ಟ್ಯೂನಿಸ್‌ಗೆ ಒಯ್ಯಲು ಹಾಜರ್‌ಳ ಅಣ್ಣ ಟ್ಯಾಕ್ಸಿ ಹೊರಡಿಸಿ ನಿಂತಿದ್ದಾನೆ. ನಿನ್ನೆ ಅಮ್ಮನಿಗೆ ಲಕ್ವ ಹೊಡೆಯಿತು, ಬಲಗೈಯೂ ಮಾತೂ ಹೋಗಿವೆ, ಆಸ್ಪತ್ರೆಯಲ್ಲಿದ್ದೇವೆ. ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಲಿಲ್ಲ. ಸಂಜೆ ಮತ್ತೆ ಬಾಕ್ಸ್ ಬಂತು. ಎಡಗೈಯಲ್ಲಿ "ತಗೊಂಡ್ರು" ಒತ್ತಿದಳು. ನಿನಗೆ ಹಸಿರು ಕಂಡಿರಬೇಕು. ಬಾಕ್ಸಿನ ಆ ಮಾತನ್ನು ಅಲ್ಲಿಂದ ತಿದ್ದಬೇಡ. ಬಾ. ಅಮ್ಮಾ ಎಂದು ಕರೆದು ನೀನೇ ಕೇಳು.